ಬದಲಿ ಎಂಬ ಮಾತು



ಸೊಲ್ಲಾಪುರದ ಬೇಸಿಗೆಯ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಸಿಲು 42 ಡಿಗ್ರಿ ಮುಟ್ಟುತ್ತದೆ, ಗಾಳಿಯ ತೇವವೆಲ್ಲ ಆರಿಹೋಗುತ್ತದೆ. ಕಳೆದ ವರ್ಷ ಪಾಸ್ಖ ಹಬ್ಬ ಕಳೆದು ಮೂರನೆಯ ಭಾನುವಾರ ನಾವು, ಕನ್ನಡ ಗಾಯನವೃಂದದವರು, ಅಕ್ಕಲಕೋಟೆಯಲ್ಲಿ ಪೂಜೆಗೆ ಹಾಡಿ, ಊಟ ಮುಗಿಸಿ ಹೊರಡುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಅಷ್ಟು ಹೊತ್ತೂ ಗಿಟಾರ್ ಬಾಗಿಲು ಹಾಕಿದ ಗಾಡಿಯೊಳಗೇ ಇತ್ತು. ತಪ್ಪು ನಮ್ಮದೇ. ಮನೆಗೆ ಬಂದು ಚೀಲ ಬಿಚ್ಚಿದಾಗ ಅದರ ಬೆನ್ನಿನ ಹಲಗೆ ಅಂಚಿನಿಂದ ಬಿಟ್ಟುಕೊಂಡು, ಹಳೇ ಪುಸ್ತಕದ ರಟ್ಟಿನಂತೆ ಮೇಲೆದ್ದಿತ್ತು.

ಹನ್ನೆರಡು ವರ್ಷದ ಹಿಂದೆ ಕ್ರಿಸ್ತಜಯಂತಿಯ ಕಾಣಿಕೆಯಿಂದ ಕೊಂಡ ಗಿಟಾರ್ ಅದು. ಒಳಗೆ ಅಂಟಿಸಿದ ಚೀಟಿಯಲ್ಲಿ 'ರೋಸ್‌ವುಡ್' ಎಂದು ಅಚ್ಚಾಗಿತ್ತು. ರೋಸ್‌ವುಡ್ ಎಂದರೆ ನಮ್ಮ ಬೀಟೆ, ಇಲ್ಲಿನ ಮರಾಠಿಯಲ್ಲಿ ಶಿಸವ. ಆ ಹೆಸರಿನ ಮೇಲೆ ನಮಗೆ ಬಹಳ ಅಭಿಮಾನ. ಬೇರೆ ಧರ್ಮಕೇಂದ್ರದವರು ಬಂದಾಗ, "ಇದು ಬೀಟೆ ಮರದ್ದು, ಅದಕ್ಕೇ ದನಿ ಇಷ್ಟು ಗಂಭೀರ" ಎಂದು ಹೇಳದೆ ಬಿಟ್ಟದ್ದಿಲ್ಲ. ಕೇಳಿದವರೂ ತಲೆದೂಗುತ್ತಿದ್ದರು.

ರಿಪೇರಿಗೆಂದು ಮಿರಜಿಗೆ ಒಯ್ದೆವು. ಕುರ್ಡುವಾಡಿ, ಪಂಢರಪುರ, ಸಾಂಗೋಲಾ ದಾರಿಯ ರೈಲು. ಸಿತಾರ್ ಮತ್ತು ತಂಬೂರಿಗೆ ಮಿರಜ್ ಹೆಸರಾದ ಊರು. ಕತ್ತಿ ಸಾಣೆ ಹಿಡಿಯುವ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯದ ಕೆಲಸಕ್ಕೆ ಇಳಿದರು, ಅವರ ವಂಶದವರೇ ಇಂದಿಗೂ ಆ ಕಸುಬು ಮಾಡುತ್ತಿದ್ದಾರೆ. ಮಿರಜಿನ ಸಿತಾರ್ ಮತ್ತು ತಂಬೂರಿ ಎರಡಕ್ಕೂ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಲ್ಲಿ ಗಿಟಾರಿನ ಕೆಲಸವೂ ಬಲ್ಲ ಒಬ್ಬ ಹಿರಿಯರು ನಮ್ಮ ಗಿಟಾರನ್ನು ತಿರುಗಿಸಿ, ಎದ್ದ ಅಂಚನ್ನು ಬೆರಳಿನಿಂದ ಸವರಿ ನಕ್ಕರು. ಅಂಚಿನಲ್ಲಿ ಮೂರು ಪದರ ಸ್ಪಷ್ಟವಾಗಿ ಕಾಣುತ್ತಿತ್ತು. ಮೇಲೆ ಕಾಗದದಷ್ಟು ತೆಳುವಾದ ಬೀಟೆಯ ಸಿಪ್ಪೆ, ಅದರ ಕೆಳಗೆಲ್ಲ ಪ್ಲೈವುಡ್. ಎದೆಯ ಹಲಗೆ ಮಾತ್ರ ಒಂದೇ ತುಂಡಿನ ಅಸಲಿ ಸ್ಪ್ರೂಸ್ ಮರ. "ಎದೆ ಚಲೋ ಐತ್ರಿ, ಅದಕ್ಕs ಹಾಡತೈತಿ. ಬೆನ್ನು ಬರೇ ಅಂಗಿ" ಎಂದರು.

ಮೊದಲು ನಮಗೆ ಸಿಟ್ಟು ಬಂದದ್ದು ಚೀಟಿಯ ಮೇಲೆ. ಅಂಗಡಿಯವರು ಮೋಸ ಮಾಡಿದರು ಎಂದು ಮಾತಾಡಿಕೊಂಡೆವು. ಆದರೆ ರೈಲಿನಲ್ಲಿ ಮರಳುವಾಗ ಇನ್ನೊಂದು ಪ್ರಶ್ನೆ ನಮ್ಮೊಳಗೇ ಎದ್ದಿತು. ಚೀಟಿ ಒಂದು ಸಲ ಸುಳ್ಳು ಹೇಳಿತು. ಹನ್ನೆರಡು ವರ್ಷ, ಭಾನುವಾರ ಭಾನುವಾರ, "ಆಹಾ, ಬೀಟೆಯ ದನಿ" ಎಂದವರು ಯಾರು? ನಾವು ಕೇಳಿದ್ದು ಗಿಟಾರನ್ನೋ, ಚೀಟಿಯನ್ನೋ?

ಇದು ಮರದ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆಯೂ ಹೌದು ಎಂದು ನಮಗೆ ತೋರಿದ್ದರಿಂದ ಈ ತಿಂಗಳ ಪತ್ರಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ಗಿಟಾರ್ ಹೇಗೆ ದನಿಗೂಡುತ್ತದೆ ಎಂಬುದನ್ನು ಆ ಹಿರಿಯರು ನಮಗೆ ತಿಳಿಯುವಂತೆ ಹೇಳಿದರು. ಉಕ್ಕಿನ ಆರು ತಂತಿಗಳು ಸೇರಿ ಸುಮಾರು 70 ಕಿಲೊದಷ್ಟು ಬಲದಿಂದ ಎಳೆಯುತ್ತಿರುತ್ತವೆ. ತಂತಿ ಮೀಟಿದಾಗ ಅದರ ಕಂಪನ ಕುದುರೆಯ ಮೂಲಕ ಎದೆಯ ಹಲಗೆಗೆ ಇಳಿಯುತ್ತದೆ. ಮೂರು ಮಿಲಿಮೀಟರಿನಷ್ಟೂ ದಪ್ಪವಿರದ ಆ ಹಲಗೆಯೇ ಗಾಳಿಯನ್ನು ಅಲುಗಿಸುತ್ತದೆ. ಬೆನ್ನು ಮತ್ತು ಪಕ್ಕದ ಹಲಗೆಗಳು ಆ ಗಾಳಿಯನ್ನು ಹಿಡಿದಿಡುತ್ತವೆ, ಎದೆಗೆ ಆಸರೆಯಾಗುತ್ತವೆ, ತಾವೂ ಸ್ವಲ್ಪ ನಡುಗುತ್ತವೆ. ದನಿಯ ಹೆಚ್ಚಿನ ಪಾಲು ಎದೆಯದ್ದು. ಆದರೆ ಬೆಲೆಯ ಮಾತು ಬಂದಾಗ ಜನ ಮೊದಲು ಕೇಳುವುದು ಬೆನ್ನಿನ ಮರದ ಹೆಸರನ್ನು.

ಇದನ್ನು ಹಿಂದೆಯೇ ಒಬ್ಬರು ತೋರಿಸಿಕೊಟ್ಟಿದ್ದರು. ಇಂದಿನ ಗಿಟಾರಿಗೆ ರೂಪ ಕೊಟ್ಟ ಸ್ಪೇನ್ ದೇಶದ ಆಂಟೋನಿಯೊ ದೆ ಟೊರೆಸ್ 1862ರಲ್ಲಿ ಎದೆಗೆ ಒಳ್ಳೆಯ ಮರ ಹಾಕಿ, ಬೆನ್ನು ಮತ್ತು ಪಕ್ಕಗಳನ್ನು ಬರೀ ಕಾಗದದ ರಟ್ಟಿನಿಂದ ಮಾಡಿದರು. ಆ ಗಿಟಾರ್ ಈಗಲೂ ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ನಮ್ಮ ಕಾಲದಲ್ಲಿ, 2018ರಲ್ಲಿ, ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಒಬ್ಬರೇ ಕುಶಲಕರ್ಮಿ ಒಂದೇ ಮಾದರಿಯಲ್ಲಿ ಆರು ಗಿಟಾರ್ ಮಾಡಿಕೊಟ್ಟಿದ್ದರು. ಬೇರೆಯಾಗಿದ್ದದ್ದು ಬೆನ್ನು ಮತ್ತು ಪಕ್ಕದ ಮರ ಮಾತ್ರ: ಬ್ರೆಜಿಲಿನ ಬೀಟೆ, ಭಾರತದ ಬೀಟೆ, ಮಹಾಗನಿ, ಮೇಪಲ್, ಸಪೇಲಿ ಮತ್ತು ಅಕ್ರೋಟು. 52 ಮಂದಿ ವಾದಕರು ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಹಾಕಿಕೊಂಡು ಅವನ್ನು ನುಡಿಸಿದರು. ಮರ ಕಾಣದೆ ಹೋದಾಗ ಅವರು ಕೊಟ್ಟ ಅಂಕಗಳು ಆರಕ್ಕೂ ಹೆಚ್ಚುಕಡಿಮೆ ಒಂದೇ. ಬಹಳ ದುಬಾರಿಯಾದ ಬ್ರೆಜಿಲಿನ ಬೀಟೆಗೆ ವಿಶೇಷ ಮನ್ನಣೆ ಸಿಗಲಿಲ್ಲ. ಅದರ 'ಬದಲಿ' ಎಂದು ಕರೆಸಿಕೊಂಡ ಅಕ್ರೋಟು ಹಿಂದೆ ಬೀಳಲಿಲ್ಲ.

ಇದನ್ನು ಓದಿದಾಗ ನಮಗೆ ನೆನಪಾದದ್ದು ಆದಿಕಾಂಡದ ಮುದುಕ ಇಸಾಕ. ಕಣ್ಣು ಮಂಜಾಗಿ ಹಾಸಿಗೆ ಹಿಡಿದಿದ್ದ ಆತ ಹಿರಿಮಗನನ್ನು ಆಶೀರ್ವದಿಸಲು ಕಾಯುತ್ತಿದ್ದ. ಕಿರಿಮಗ ಯಕೋಬ ಆಡಿನ ತೊಗಲನ್ನು ಕೈಗೆ ಸುತ್ತಿಕೊಂಡು, ಅಣ್ಣನ ಬಟ್ಟೆ ಉಟ್ಟು ಒಳಗೆ ಬಂದ. ಇಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸಂಗತಿ ಇದೆ. ಇಸಾಕನ ಕಿವಿ ಮೋಸ ಹೋಗಿರಲಿಲ್ಲ. ದನಿ ಯಕೋಬನದು ಎಂದು ಅವನಿಗೆ ಗೊತ್ತಾಗಿತ್ತು, ಬಾಯಿಬಿಟ್ಟು ಹೇಳಿದ್ದನು ಕೂಡ. ಆದರೂ ಕಿವಿಯ ಮಾತನ್ನು ಬದಿಗಿಟ್ಟು, ಮೇಲೆ ಸುತ್ತಿದ ತೊಗಲನ್ನೇ ನಂಬಿದ. ನಮ್ಮ ಗಿಟಾರಿನ ಬೆನ್ನಿಗಿದ್ದ ಬೀಟೆಯ ಸಿಪ್ಪೆಗೂ ಆ ತೊಗಲಿಗೂ ವ್ಯತ್ಯಾಸ ಏನು? ಕಣ್ಣಿಲ್ಲದ ಮುದುಕನಿಗೆ ನೆಪವಾದರೂ ಇತ್ತು. ನಮಗೆ ಕಣ್ಣೂ ಇತ್ತು, ಕಿವಿಯೂ ಇತ್ತು.

ಇಲ್ಲಿ ಒಬ್ಬರು ಎದ್ದು ಕೇಳಬಹುದು: "ಹಾಗಾದರೆ ಎಲ್ಲ ಮರವೂ ಒಂದೇ ಅನ್ನುತ್ತೀರಾ? ಒಳ್ಳೆಯದು ಕೆಟ್ಟದ್ದು ಅನ್ನುವ ಭೇದವೇ ಬೇಡವೇ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಆ ಹಿರಿಯರ ಬೆರಳಿನಲ್ಲಿ. ಅವರ ಅಂಗಡಿಯ ಮೂಲೆಯಲ್ಲಿ ಬೇರೆ ಬೇರೆ ಮರದ ಹಲಗೆಗಳು ಗೋಡೆಗೆ ಒರಗಿದ್ದವು. ಒಂದೊಂದನ್ನೇ ಎರಡು ಬೆರಳಲ್ಲಿ ಮೇಲಿನ ತುದಿಗೆ ಹಿಡಿದು ತೂಗುಬಿಟ್ಟು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ ಕಿವಿಗೆ ಹಿಡಿದರು. ಒಂದು ಹಲಗೆ ಗಂಟೆಯಂತೆ ನುಡಿಯಿತು. ಅದೇ ಮರದ ಇನ್ನೊಂದು, ಒದ್ದೆ ಬಟ್ಟೆಗೆ ಬಡಿದಂತೆ ಸದ್ದು ಮಾಡಿ ಸುಮ್ಮನಾಯಿತು. "ಬೀಟೀನಾಗೂ ಸತ್ತ ಹಲಗಿ ಇರತಾವ್ರಿ" ಎಂದರು.

ಅಂದರೆ ಅವರು ಭೇದವನ್ನೇ ಮಾಡುವುದಿಲ್ಲ ಎಂದಲ್ಲ, ನಮಗಿಂತ ಹೆಚ್ಚೇ ಮಾಡುತ್ತಾರೆ. ಆದರೆ ಜಾತಿಯ ಹೆಸರು ಕೇಳಿ ತೀರ್ಪು ಕೊಡುವುದಿಲ್ಲ, ಪ್ರತಿ ಹಲಗೆಯನ್ನೂ ತಟ್ಟಿ ಕೇಳುತ್ತಾರೆ. ವಿವೇಚನೆಗೂ ಪೂರ್ವಗ್ರಹಕ್ಕೂ ಇರುವ ಅಂತರ ಇಷ್ಟೇ ಎಂದು ನಮಗೆ ಅನಿಸಿತು. ವಿವೇಚನೆಗೆ ಸಮಯ ಬೇಕು, ಕೈ ಬೇಕು, ಕಿವಿ ಬೇಕು. ಪೂರ್ವಗ್ರಹಕ್ಕೆ ಒಂದು ಚೀಟಿ ಸಾಕು. ಎಲ್ಲರೂ ಒಂದೇ ಎಂದುಬಿಡುವುದೂ ಒಂದು ಬಗೆಯ ಸೋಮಾರಿತನ, ಅಲ್ಲಿಯೂ ಯಾರನ್ನೂ ತಟ್ಟಿ ಕೇಳಿರುವುದಿಲ್ಲ.

ಈಗ ಹೊಸ ಬೆನ್ನಿನ ಪ್ರಶ್ನೆ. ಬೀಟೆಯನ್ನೇ ಹಾಕಿಸಬೇಕು, ಈ ಸಲ ಅಸಲಿಯನ್ನೇ, ಎಂದು ನಮ್ಮಲ್ಲಿ ಕೆಲವರ ಹಟ. ಆದರೆ ಲೋಕದ ಆಸೆ ಬೀಟೆಯ ಕಾಡುಗಳನ್ನು ಏನು ಮಾಡಿದೆ ಎಂಬುದನ್ನೂ ನೋಡಬೇಕು. ಬ್ರೆಜಿಲಿನ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲೇ ತಡೆ ಬಿತ್ತು. 2017ರ ಜನವರಿಯಿಂದ ನಮ್ಮ ಬೀಟೆಯೂ ಸೇರಿ ಆ ಕುಲದ ಎಲ್ಲ ಮರಗಳೂ 'ಸೈಟಿಸ್' ಒಪ್ಪಂದದ ನಿಗಾ ಪಟ್ಟಿಗೆ ಬಂದವು. ತಯಾರಾದ ವಾದ್ಯಗಳಿಗೆ 2019ರಲ್ಲಿ ರಿಯಾಯಿತಿ ಸಿಕ್ಕಿತು. ಆ ನಡುವೆ ಲೋಕದ ಎಷ್ಟೋ ಗಿಟಾರ್ ತಯಾರಕರು ಬೇರೆ ಮರಗಳತ್ತ ತಿರುಗಿದರು, ಅವುಗಳಲ್ಲಿ ಅಕ್ರೋಟು ಒಂದು.

ಅಷ್ಟರಲ್ಲಿ ಅಕ್ಕಲಕೋಟೆಯ ನಮ್ಮ ಒಂದು ಕುಟುಂಬದವರು ಒಂದು ಮಾತು ಹೇಳಿ ಕಳಿಸಿದರು. ಅವರ ಅಜ್ಜ ಸೈನ್ಯದಲ್ಲಿದ್ದು, ಕಾಶ್ಮೀರದಿಂದ ಬರುವಾಗ ಒಂದು ಅಕ್ರೋಟು ಮರದ ಮೇಜು ತಂದಿದ್ದರಂತೆ. ಕಾಲು ಮುರಿದು ಬಹಳ ವರ್ಷದಿಂದ ಅಟ್ಟದ ಮೇಲಿತ್ತು. ಅದರ ಮೇಲ್ಹಲಗೆ ಆದೀತೇ ಎಂದು ಕೇಳಿದರು. ಮಿರಜಿನ ಹಿರಿಯರು ಹಲಗೆಯನ್ನು ತಟ್ಟಿ ನೋಡಿ, ನಲವತ್ತು ವರ್ಷ ಒಣಗಿದ ಮರ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದರು. ಹಲಗೆಯನ್ನು ದಪ್ಪದ ನಡುವೆ ಸೀಳಿ, ಪುಸ್ತಕ ತೆರೆದಂತೆ ಎರಡು ಹೋಳುಗಳನ್ನು ಪಕ್ಕಪಕ್ಕ ಜೋಡಿಸಿದಾಗ, ಕಂದು ಬಣ್ಣದ ಗೆರೆಗಳು ಎಡಕ್ಕೂ ಬಲಕ್ಕೂ ಒಂದೇ ತೆರನಾಗಿ ಹರಿದವು. ಬೀಟೆಯ ಒಂದು ಘನ ಮೀಟರ್ ಸುಮಾರು 830 ಕಿಲೊ ತೂಗಿದರೆ ಅಕ್ರೋಟು ಸುಮಾರು 640. ಹಗುರ, ಉಳಿಗೆ ಮೆತ್ತಗೆ, ಬಿಸಿ ತಾಗಿಸಿದರೆ ಹೇಳಿದ ಹಾಗೆ ಬಾಗುತ್ತದೆ. ಬೀಟೆಯಷ್ಟು ಹೊತ್ತು ದನಿಯನ್ನು ಎಳೆಯುವುದಿಲ್ಲ, ಆದರೆ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುತ್ತದೆ ಎಂದು ಅವರು ಹೇಳಿದರು. ನಮಗೂ ಹಾಗೇ ಕೇಳಿಸಿತು. ಆದರೆ ಈ ಸಲ ನಮ್ಮ ಕಿವಿಯ ಮೇಲೆ ನಮಗೇ ಅಷ್ಟು ಭರವಸೆ ಇಲ್ಲದ್ದರಿಂದ ಆ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ.

ಬೀಟೆ ಪಾಪದ್ದು, ಅಕ್ರೋಟು ಪುಣ್ಯದ್ದು ಎಂದು ಹೇಳಲೂ ನಾವು ಹೊರಟಿಲ್ಲ. ಕಾಶ್ಮೀರದ ರೈತನಿಗೆ ಅಕ್ರೋಟು ಮರ ವರ್ಷಾ ವರ್ಷ ಕಾಯಿ ಕೊಡುವ ಹಸುವಿದ್ದಂತೆ. ಅಲ್ಲಿ 1969ರ ಒಂದು ಕಾನೂನಿನ ಪ್ರಕಾರ ಸ್ವಂತ ತೋಟದ ಅಕ್ರೋಟು ಮರವನ್ನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ನಾಳೆ ಎಲ್ಲರೂ ಅಕ್ರೋಟೇ ಬೇಕು ಎಂದು ನಿಂತರೆ ಬೀಟೆಗೆ ಆದ ಗತಿಯೇ ಅದಕ್ಕೂ ಆದೀತು. ಪೋಪ್ ಫ್ರಾನ್ಸಿಸರು 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಎಸೆದುಬಿಡುವ ಚಟದ ಬಗ್ಗೆ ಎಚ್ಚರಿಸಿದ್ದು ಇದೇ ಅರ್ಥದಲ್ಲಿ. ಕಾಲು ಮುರಿದ ಮೇಜು ನಮಗೆ ಸರಿಯೆನಿಸಿದ್ದೂ ಅದಕ್ಕೇ. ಹೊಸದಾಗಿ ಯಾವ ಮರವೂ ಬೀಳಬೇಕಾಗಲಿಲ್ಲ.

ಗಿಟಾರ್ ಸಿದ್ಧವಾಗಿ ಬಂದ ದಿನ ಯಾರೋ ಕೇಳಿದರು: "ಬೀಟೆಗೆ ಬದಲಿ ಏನು ಹಾಕಿಸಿದಿರಿ?" ಆ 'ಬದಲಿ' ಎಂಬ ಮಾತು ಕೇಳಿ ನಮಗೆ ಇದ್ದಕ್ಕಿದ್ದಂತೆ ಬೇರೆಯದೇ ಒಂದು ನೆನಪಾಯಿತು. ಇನ್ನು ಹೇಳುವುದು ನಮ್ಮ ತಪ್ಪೊಪ್ಪಿಗೆ.

ಗಾಯನವೃಂದದ ಕೋಣೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿರುತ್ತೇವೆ. ಯಾವ ಭಾನುವಾರ ಯಾರ ವಾಚನ, ಯಾರ ಕೀರ್ತನೆ ಎಂದು ಅದರಲ್ಲಿ ಬರೆದಿರುತ್ತದೆ. ಕೊನೆಯ ಅಂಕಣ 'ಬದಲಿ'. ಆ ಅಂಕಣದಲ್ಲಿ ಆರು ವರ್ಷದಿಂದ ಅಕ್ಕಲಕೋಟೆ ಕಡೆಯ ಒಬ್ಬ ತಂಗಿಯ ಹೆಸರಿದೆ. ಒಮ್ಮೆಯೂ ಅದು ಮೊದಲ ಅಂಕಣಕ್ಕೆ ಬಂದಿಲ್ಲ. ಯಾರಾದರೂ ಬಾರದಿದ್ದಾಗ ಆಕೆಗೆ ಫೋನು ಹೋಗುತ್ತದೆ, ಆಕೆ ಸುಮಾರು 40 ಕಿಲೊಮೀಟರ್ ಬಸ್ಸಿನಲ್ಲಿ ಬಂದು ಹಾಡಿ ಹೋಗುತ್ತಾಳೆ. ಯಾಕೆ ಹೀಗೆ? ಆಕೆಯ ಕನ್ನಡ 'ಗಡಿ ಕನ್ನಡ', ನಡುನಡುವೆ ಮರಾಠಿಯ ಧಾಟಿ ಬರುತ್ತದೆ, ಪುಸ್ತಕದ ಕನ್ನಡದಂತೆ ಇಲ್ಲ ಎಂದು ಯಾವಾಗಲೋ ಯಾರೋ ಹೇಳಿದ್ದರು. ಹೇಳಿದವರು ಯಾರೆಂದು ಈಗ ನಮಗೂ ನೆನಪಿಲ್ಲ. ಚೀಟಿ ಅಂಟಿಸಿ ಆಯಿತು, ಆಮೇಲೆ ಯಾರೂ ತಟ್ಟಿ ಕೇಳಲಿಲ್ಲ.

ನಾವೇನು ಬೇರೆ ಊರಿನವರೇ? ಸೊಲ್ಲಾಪುರದಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು, ಪೇಟೆಯಲ್ಲಿ ಉರ್ದು. ನಮ್ಮ ಧರ್ಮಕೇಂದ್ರದ ಮರಾಠಿ ಪೂಜೆ ಮುಗಿದ ಮೇಲೆ ಉಳಿದ ಸಮಯದಲ್ಲಿ ನಮ್ಮ ಕನ್ನಡ ಪೂಜೆ. ಅಲ್ಲಿ ನಮ್ಮನ್ನು 'ಇನ್ನೊಂದು ಭಾಷೆಯವರು' ಎಂದಾಗ ಮನಸ್ಸು ನೊಂದುಕೊಳ್ಳುತ್ತದೆ. ಈ ಊರಿನ ಜಯದೇವಿತಾಯಿ ಲಿಗಾಡೆಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಆ ಪೀಠಕ್ಕೆ ಏರಿದ ಮೊದಲ ಮಹಿಳೆ ಅವರೇ, ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಿದ್ದೂ ನಮ್ಮದೇ ಗಡಿಯ ತಂಗಿಯ ಮಾತನ್ನು ಪುಸ್ತಕದ ಕನ್ನಡದ ತಕ್ಕಡಿಯಲ್ಲಿ ತೂಗಿದೆವು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು. ನತಾನಿಯೇಲನೂ ನಜರೇತಿನ ಹೆಸರು ಕೇಳಿದ ಕೂಡಲೇ ಮೂಗು ಮುರಿದವನೇ. ಫಿಲಿಪ್ಪನು ಅವನೊಂದಿಗೆ ವಾದಕ್ಕೆ ನಿಲ್ಲಲಿಲ್ಲ, ಬಂದು ನೋಡು ಎಂದು ಕರೆದನಷ್ಟೆ. ನತಾನಿಯೇಲನ ದೊಡ್ಡಸ್ತಿಕೆ ಎಂದರೆ, ಅನುಮಾನ ಇಟ್ಟುಕೊಂಡೇ ಎದ್ದು ಹೋದದ್ದು.

ನಾವೂ ಆಕೆಯನ್ನು ಕೂರಿಸಿಕೊಂಡು ಕೇಳಿದೆವು: "ಇಷ್ಟು ವರ್ಷ ಬದಲಿ ಅಂತ ಬರೆದಿದ್ದೆವಲ್ಲ ತಂಗಿ, ಬೇಸರ ಆಗಲಿಲ್ಲವೇ?" ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಪಟ್ಟಿ ಓದೂವಾಗ ಆಗತಿತ್ರಿ ಅಕ್ಕಾರ. ಹಾಡೂವಾಗ ಆಗತಿದ್ದಿಲ್ಲ. ಹಾಡೂವಾಗ ನಾ ಯಾರ ಬದಲಿನೂ ಅಲ್ಲಲ್ರಿ, ನಾನs ಹಾಡತಿದ್ದೆ."

ನಮ್ಮ ಬಳಿ ಉತ್ತರವಿರಲಿಲ್ಲ. ಈ ಲೇಖನದಲ್ಲಿ ನಾವು ಹೇಳಬೇಕೆಂದಿದ್ದುದನ್ನೆಲ್ಲ ಆಕೆ ಆಗಲೇ ಹೇಳಿ ಮುಗಿಸಿದ್ದಳು. ಅಕ್ರೋಟು ಕಾಡಿನಲ್ಲಿ ಬೆಳೆಯುವಾಗ ಬೀಟೆಗೆ ಬದಲಿಯಾಗಿ ಬೆಳೆಯುವುದಿಲ್ಲ. ದೇವರು ಅದನ್ನು ಅಕ್ರೋಟಾಗಿಯೇ ಮಾಡಿದ್ದು. 'ಬದಲಿ' ಎನ್ನುವುದು ಮರದ ಗುಣವಲ್ಲ, ನಾವು ಕೊಟ್ಟ ಜಾಗ. ಒಬ್ಬರು ಬಾರದಾಗ ಇನ್ನೊಬ್ಬರು ಬರಬೇಕಾಗುತ್ತದೆ, ಅದು ವ್ಯವಸ್ಥೆ, ತಪ್ಪಲ್ಲ. ಆದರೆ ವ್ಯವಸ್ಥೆಗಾಗಿ ಬರೆದ ಮಾತು ಮನುಷ್ಯನ ಹೆಸರಾಗಿ ಆರು ವರ್ಷ ಗೋಡೆಯ ಮೇಲೆ ಉಳಿದುಹೋದರೆ ಅದು ಅನ್ಯಾಯ. ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ. ಬಹುಶಃ ಅದಕ್ಕೇ ಅಷ್ಟು ದಿನ ಉಳಿದದ್ದು.

ಮಿರಜಿನ ಅಂಗಡಿಯಲ್ಲಿ ನಾವು ಕಂಡ ತಂಬೂರಿಯನ್ನು ಇಲ್ಲಿ ನೆನೆಯಬೇಕು. ಅದರ ಬುರುಡೆ ನಮ್ಮ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯದ್ದು, ಹೊಲದಲ್ಲಿ ಬೆಳೆದು ಒಣಗಿಸಿದ್ದು. ಅದರ ಮರ ಕರ್ನಾಟಕದ ಕಾಡಿನದ್ದು. ಗಡಿಯ ಆಚೆಯದ್ದು ಈಚೆಯದ್ದು ಸೇರಿದಾಗಲೇ ಅದು ತಂಬೂರಿ. ಬುರುಡೆಯನ್ನು ಮರಕ್ಕೆ ಬದಲಿ ಎಂದು ಯಾರೂ ಕರೆಯುವುದಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆರಾಧನಾ ವಿಧಿಯ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ ಪೈಪ್ ಆರ್ಗನ್ನಿಗೆ ದೊಡ್ಡ ಗೌರವ ಕೊಟ್ಟು, ಆರಾಧನೆಗೆ ಒಪ್ಪುವ ಬೇರೆ ವಾದ್ಯಗಳಿಗೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ನಮ್ಮ ಗಿಟಾರ್, ತಬಲಾ, ಹಾರ್ಮೋನಿಯಂ ಒಳಗೆ ಬಂದಿವೆ. ಹೀಗೆ ಒಳಗೆ ಬಂದ ನಾವು ಇನ್ನೊಬ್ಬರನ್ನು ಬಾಗಿಲಲ್ಲೇ ನಿಲ್ಲಿಸಬಾರದು.

ಈಗ ಪಟ್ಟಿಯಲ್ಲಿ 'ಬದಲಿ' ಎಂಬ ಅಂಕಣ ಇಲ್ಲ. ಎಲ್ಲರ ಹೆಸರೂ ಸರದಿಯಂತೆ ಬರುತ್ತದೆ, ಬರಲಾಗದವರು ತಾವೇ ಇನ್ನೊಬ್ಬರೊಂದಿಗೆ ವಾರ ಅದಲುಬದಲು ಮಾಡಿಕೊಳ್ಳುತ್ತಾರೆ. ಸ್ವಲ್ಪ ಗೊಂದಲವೂ ಆಗಿದೆ, ಒಂದು ಭಾನುವಾರ ಕೀರ್ತನೆಗೆ ಇಬ್ಬರು ಎದ್ದು ನಿಂತರು. ಗಿಟಾರಿನ ಚೀಲದಲ್ಲಿ ತೂತು ಕೊರೆದ ಸೋಪಿನ ಡಬ್ಬಿ, ಅದರೊಳಗೆ ಒದ್ದೆ ಸ್ಪಂಜು ಇಟ್ಟಿದ್ದೇವೆ. ಅಸಲಿ ಮರಕ್ಕೆ ಸೊಲ್ಲಾಪುರದ ಬಿಸಿಲಿನಲ್ಲಿ ಅಷ್ಟಾದರೂ ತೇವ ಬೇಕು, ಇಲ್ಲದಿದ್ದರೆ ಬಿರಿಯುತ್ತದೆ. ಪ್ರತಿ ಶನಿವಾರ ನೀರು ಹಾಕುವ ಕೆಲಸವನ್ನು ಮಕ್ಕಳು ವಹಿಸಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಸಂಘದಲ್ಲಿಯೂ ಇಂಥ ಒಂದು ಅಂಕಣ ಇರಬಹುದು. ಅದರಲ್ಲಿ ಯಾರ ಹೆಸರಿದೆ, ಎಷ್ಟು ವರ್ಷದಿಂದ ಇದೆ ಎಂದು ಈ ವಾರ ಒಮ್ಮೆ ನೋಡಿರಿ. ಆಮೇಲೆ ಆ ಹೆಸರಿನವರ ಬಳಿ ಸ್ವಲ್ಪ ಹೊತ್ತು ಕುಳಿತು, ಅವರ ದನಿಯನ್ನು ಕೇಳಿರಿ.